ಇನ್ನೂ ಹೊಡೆದಿಲ್ಲ

ನನ್ನ ಬಾಯಿ ಜೋರು. ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಹಾಗಂತ ಹೆಸರು ಬಿತ್ತು, ಇಪ್ಪತ್ತಾರು ವರ್ಷದಿಂದ ಆ ಹೆಸರನ್ನು ಉಳಿಸಿಕೊಂಡು ಬಂದಿದ್ದೇನೆ. ಆದರೆ ಬಾಯಿ ಬೇರೆ, ಕೈ ಬೇರೆ. ಹೆತ್ತ ಮಗಳಿಗೂ ಒಂದು ಏಟು ಹಾಕಿದವಳಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಹಂದನಕೆರೆ ಸುತ್ತಲ ಹತ್ತು ಊರಲ್ಲಿ ಯಾರನ್ನು ಕೇಳಿದರೂ, ಗಂಗಲಕ್ಷ್ಮಿ ಅಂದರೆ ಅತ್ತೆಗೆ ಹೊಡೆಯುವವಳು ತಾನೇ, ಅನ್ನುತ್ತಾರೆ.

ನಮ್ಮತ್ತೆ ರಂಗಕ್ಕನಿಗೆ ಎಂಬತ್ತು ದಾಟಿದೆ. ಎರಡು ವರ್ಷದಿಂದ ಮರೆವು. ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವಲ್ಲ ಅದು. ಉಂಡ ಕೈ ಒಣಗುವ ಮೊದಲೇ ಬೀದಿಗೆ ಬಂದು, "ಈ ಮನೇಲಿ ಮೂರು ದಿನದಿಂದ ನನಗೆ ಕೂಳು ಇಕ್ಕಿಲ್ಲ ಕಣ್ರಪ್ಪೋ" ಅಂತ ಕೂಗುವ ಮರೆವು. ತುಮಕೂರಿನಲ್ಲಿ ತೋರಿಸಿದೆವು. ಡಾಕ್ಟರು ಮೆದುಳು ಸವೆಯುತ್ತಿದೆ ಅಂದರು, ಮಾತ್ರೆ ಬರೆದುಕೊಟ್ಟರು, "ತಾಳ್ಮೆಯಿಂದ ನೋಡ್ಕೊಳ್ಳಿ" ಅಂದರು. ಮಾತ್ರೆ ಅಂಗಡಿಯಲ್ಲಿ ಸಿಕ್ಕಿತು. ತಾಳ್ಮೆ ಎಲ್ಲಿ ಸಿಗುತ್ತದೆ ಅಂತ ಅವರು ಬರೆಯಲಿಲ್ಲ.

ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ ಅದು ತಾನಾಗಿ ಕೊಬ್ಬರಿಯಾಗಬೇಕು. ಒಂದು ಕಾಲಕ್ಕೆ ಅತ್ತೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇನ್ನು ಇಷ್ಟು ದಿನ ಬೇಕು ಅನ್ನುತ್ತಿದ್ದಳು. ಆ ಮಾತು ತಪ್ಪಿದ್ದು ನಾನು ನೋಡಿಲ್ಲ. ಮಿಕ್ಕಿದ್ದೆಲ್ಲ ಮರೆತರೂ ಅಟ್ಟ ಮಾತ್ರ ಮರೆತಿಲ್ಲ. "ಅಟ್ಟದ ಕಾಯಿ ಕದ್ದವ್ರೆ" ಅಂತ ರಾತ್ರಿ ನಾಲ್ಕು ಸಲ ಎದ್ದು ಏಣಿ ಹುಡುಕುತ್ತಾಳೆ. ಏಣಿಯನ್ನು ಹಿತ್ತಲಲ್ಲಿ ಬಚ್ಚಿಟ್ಟೆ. ಆಗ ಗೋಡೆಯನ್ನೇ ಹತ್ತಲು ಹೋದಳು. ಎರಡು ವರ್ಷದಲ್ಲಿ ಒಂದು ರಾತ್ರಿಯೂ ನಾನು ಪೂರ್ತಿ ನಿದ್ದೆ ಮಾಡಿಲ್ಲ.

ನಮ್ಮನೆಯವರು ಹನುಮಂತರಾಜು. ಚಿಕ್ಕನಾಯಕನಹಳ್ಳಿ ದಾರಿಯ ತೆಂಗಿನನಾರಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋದರೆ ದೀಪ ಹಚ್ಚಿದ ಮೇಲೆ ಬರುವುದು. ಮಗಳನ್ನು ದಬ್ಬೇಘಟ್ಟಕ್ಕೆ ಕೊಟ್ಟಿದ್ದೇವೆ, ಅವಳ ಕಂಕುಳಲ್ಲಿ ಎಳೆಗೂಸು. ಮೈದುನ ಸೂರ್ಯಪ್ರಕಾಶ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಚೆನ್ನಾಗಿದ್ದಾನೆ. ಹಬ್ಬಕ್ಕೊಂದು ಸಲ ಕಾರಿನಲ್ಲಿ ಬಂದು ಅವ್ವನ ಕಾಲಿಗೆ ಬಿದ್ದು, ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡು, ಕಾಫಿ ಕುಡಿದು ಹೋಗುತ್ತಾನೆ. ಆ ಫೋಟೋ ನೋಡಿದವರೆಲ್ಲ ಮಗ ಅಂದರೆ ಹೀಗಿರಬೇಕು ಅನ್ನುತ್ತಾರೆ.

ಅಣ್ಣತಮ್ಮಂದಿರು ಭಾಗವಾದಾಗ, ನಮ್ಮ ಕಡೆ ನಡೆದುಬಂದ ಹಾಗೆ, ತೋಟದಲ್ಲಿ ಒಂದು ಸಾಲು ಮರವನ್ನು ಹಂಚದೆ ಅತ್ತೆಯ ಹೆಸರಿಗೆ ಬಿಟ್ಟರು. ಮೂವತ್ತು ಮರ. ಅವ್ವನ ಮರ ಅನ್ನುತ್ತಾರೆ ಅದಕ್ಕೆ. ಅವ್ವನಿಗೆ ಯಾರು ಅನ್ನ ಹಾಕುತ್ತಾರೋ ಆ ಮರದ ಕಾಯಿ ಅವರಿಗೆ. ಕೇಳುವುದಕ್ಕೆ ಎಷ್ಟು ಚೆಂದ! ಅದರ ಒಳಗಿನ ಮಾತು ನನಗೆ ಅರ್ಥವಾಗಿದ್ದು ಅತ್ತೆಗೆ ಮರೆವು ಬಂದ ಮೇಲೆ. ಕಾಯಿ ತಿನ್ನುವವಳು ಬಾಯಿ ಬಿಡುವ ಹಾಗಿಲ್ಲ. ಅತ್ತೆ ರಾತ್ರಿ ಮಲಗಲ್ಲ ಅಂದರೆ, ಕಾಯಿ ನೀನೇ ತಗೋತೀಯಲ್ಲ ಅನ್ನುತ್ತಾರೆ. ನನ್ನ ಸೊಂಟ ಹೋಯಿತು ಅಂದರೂ, ಕಾಯಿ ನೀನೇ ತಗೋತೀಯಲ್ಲ. ನಾನು ಸತ್ತರೆ ಹೆಣದ ಮುಂದೆಯೂ ಇದನ್ನೇ ಅನ್ನುತ್ತಾರೇನೋ!

ಒಂದು ದಿನ ಅವ್ವನ ಮರದಲ್ಲೇ ಕಾಯಿ ಕೀಳಿಸುತ್ತಿದ್ದೆ. ಕೀಳುವವನು ಮೇಲೆ ಇದ್ದ. ನಾನು ಬಿದ್ದ ಕಾಯಿ ಗುಡ್ಡೆ ಹಾಕುತ್ತಿದ್ದೆ. ಬಾಗಿಲು ಚಿಲಕ ಹಾಕಿ ಬಂದಿದ್ದೆ, ಅತ್ತೆ ಅದು ಹೇಗೆ ತೆಗೆದಳೋ, ನೆಟ್ಟಗೆ ಬಂದು ಮರದ ಬುಡದಲ್ಲಿ ನಿಂತಳು. "ಯಾವನ್ಲಾ ಅವ್ನು, ನನ್ನ ಮರ ಹತ್ತಿರೋನು? ಇಳಿಯಲಾ!" ಮೇಲಿದ್ದವನು "ಅಜ್ಜೀನ ಹಿಡ್ಕಳ್ರವ್ವೋ" ಅಂತ ಕಿರುಚಿದ. ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಎರಡು ಹೆಜ್ಜೆ ಈಚೆಗೆ ಬಂದಿದ್ದೆವು, ಅವಳು ನಿಂತಿದ್ದ ಕಡೆ ದೊಪ್ಪನೆ ಗೊನೆ ಬಿತ್ತು.

ನನ್ನ ಜೀವವೇ ಬಾಯಿಗೆ ಬಂದಿತ್ತು. ಅತ್ತೆ ಏನು ಮಾಡಿದಳು ಗೊತ್ತೇ? ಎಳೆದ ಕೈಯನ್ನೇ ಕಚ್ಚಿದಳು. "ಕಳ್ಳಿ, ನನ್ನ ಮರ ಕದ್ದೆ, ನನ್ನ ಮಗನ್ನ ಕದ್ದೆ" ಅಂತ ಮುಖಕ್ಕೆ ಉಗಿದಳು. ಅಲ್ಲೇ ಗರಿ ಸವರಿದ ಎಡಮಟ್ಟೆ ಬಿದ್ದಿತ್ತು, ತೆಂಗಿನ ಸೋಗೆಯ ದಿಂಡು, ತೋಳಿನಷ್ಟು ದಪ್ಪದ್ದು. ಅದು ಹೇಗೆ ನನ್ನ ಕೈಗೆ ಬಂತೋ ಗೊತ್ತಿಲ್ಲ. ನೋಡಿದರೆ ತಲೆಯ ಮೇಲಕ್ಕೆ ಎತ್ತಿಬಿಟ್ಟಿದ್ದೇನೆ. ಅತ್ತೆ ಕಣ್ಣು ಮುಚ್ಚಿಕೊಂಡು, ಎರಡೂ ಕೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು, ಕುಗ್ಗಿ ಕೂತಳು.

ಹೊಡೆಯಲಿಲ್ಲ. ಎಡಮಟ್ಟೆಯನ್ನು ದೂರ ಎಸೆದೆ. ಆದರೆ ಹೊಡೆಯಬೇಕು ಅಂತ ಆಸೆಯಾಗಿತ್ತು. ಸಿಟ್ಟಲ್ಲ, ಆಸೆ. ಸುಳ್ಳು ಯಾಕೆ ಹೇಳಲಿ? ಇವತ್ತು ಕೈ ಅರ್ಧಕ್ಕೆ ನಿಂತಿತು, ನಾಳೆ ನಿಲ್ಲದಿದ್ದರೆ ಏನು ಗತಿ? ನನ್ನ ಕೈಗೆ ನಾನೇ ಹೆದರಿದೆ.

ನಮ್ಮನೆಯವರು ಬಂದು ಕೈಕಾಲು ತೊಳೆದು ಮುದ್ದೆ ಮುರಿಯುವವರೆಗೂ ಕಾದು ಹೇಳಿದೆ. "ರೀ, ನಾನು ಇವತ್ತು ಅತ್ತೆಗೆ ಹೊಡೆಯಕ್ಕೆ ಕೈ ಎತ್ತಿದೆ."

ತುತ್ತು ನಿಲ್ಲಿಸಿ ನನ್ನ ಮುಖ ನೋಡಿದರು. "ಹೊಡೆದ್ಯಾ?"

"ಇಲ್ಲ."

"ಹೊಡೆದಿಲ್ವಲ್ಲ, ಬುಡು ಮತ್ತೆ" ಅಂತ ಸಾರು ಬಡಿಸಲು ತಟ್ಟೆ ಮುಂದೆ ಮಾಡಿದರು.

"ಇವತ್ತು ಹೊಡೆದಿಲ್ಲ. ನಾಳೆ ಹೊಡೀತೀನಿ. ಮಧ್ಯಾಹ್ನ ಎರಡು ಗಂಟೆ ಹೊತ್ತು ಯಾರಾದ್ರೂ ಬಂದು ಕೂತ್ರೆ ಸಾಕು ಕಣ್ರೀ. ನಾನು ಒಂದು ನಿದ್ದೆ ತೆಗೆದ್ರೆ ನನ್ನ ಬುದ್ಧಿ ನನ್ನ ಕೈಯಲ್ಲಿರುತ್ತೆ."

"ಯಾರು ಬತ್ತಾರೆ ಕಣೇ, ಅವರವರ ಮನೆ ಕೆಲ್ಸ ಬಿಟ್ಟು?" ಅಂದರು. ಒಳ್ಳೆಯ ಮನುಷ್ಯ. ಕುಡಿಯಲ್ಲ, ಬೈಯಲ್ಲ, ಕೇಳಿಸಿಕೊಳ್ಳುವುದೂ ಇಲ್ಲ.

ಮಾರನೆಯ ದಿನ ಮೈದುನನಿಗೆ ಫೋನ್ ಮಾಡಿದೆ. "ಸೂರಿ, ತಿಂಗಳಲ್ಲಿ ಒಂದು ವಾರ ಅವ್ವನ್ನ ನಿಮ್ಮನೇಲಿ ಇಟ್ಕೊಳಪ್ಪ. ನನಗೆ ಕೈ ಮೀರ್ತಾ ಐತೆ" ಅಂದೆ. ಅವನು ನಕ್ಕ. "ಅತ್ಗೆ, ಕಾಯಿ ನೀವೇ ತಗೋತಾ ಇದ್ದೀರಲ್ಲ" ಅಂದ. ನಾನು ಫೋನ್ ಇಟ್ಟು, ಬಾಯಿಗೆ ಬಂದಿದ್ದನ್ನೆಲ್ಲ ದನದ ಕೊಟ್ಟಿಗೆಯಲ್ಲಿ ನಿಂತು ಬೈದೆ. ಹಸುವಾದರೂ ಕೇಳಿಸಿಕೊಂಡಿತು.

ಎದುರುಮನೆಯ ಹುಚ್ಚಕ್ಕನನ್ನೂ ಕೇಳಿದೆ. ಅರವತ್ತರ ವಿಧವೆ, ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಹೋಗಿಬರುವವರನ್ನು ವಿಚಾರಿಸುವವಳು. "ಆ ಜಗಲಿ ಬದಲು ನಮ್ಮ ಜಗಲಿ ಮೇಲೆ ಕೂತ್ಕೊ ಬಾ ಅಕ್ಕ" ಅಂದೆ. "ಅಯ್ಯೋ, ನನಗೆ ಪುರುಸೊತ್ತೆಲ್ಲೈತೆ ತಾಯಿ?" ಅಂದಳು. ಅವಳಿಗೆ ಪುರುಸೊತ್ತಿಲ್ಲವಂತೆ!

ಅದೇ ವಾರ ನಮ್ಮೂರ ಶಾಲೆಯ ಅಂಗಳದಲ್ಲಿ ಒಂದು ಸಭೆ ಆಯಿತು. ಯಾವುದೋ ಸಂಸ್ಥೆಯವರು ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿದ್ದರು. ಸುಕ್ಕುಗಟ್ಟಿದ ಕೈಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ, "ಹಿರಿಯರ ಮೇಲಿನ ದೌರ್ಜನ್ಯ: ಆಗುವ ಮೊದಲೇ ತಡೆಯೋಣ." ನಾನು ಅದನ್ನು ಎರಡೆರಡು ಸಲ ಓದಿದೆ. ಆಗುವ ಮೊದಲೇ! ಇದು ನನಗೇ ಬರೆದಿದ್ದು ಅನ್ನಿಸಿತು. ಆ ಬ್ಯಾನರನ್ನು ನಂಬಿದ್ದೇ ನಾನು ಮಾಡಿದ ದೊಡ್ಡ ತಪ್ಪು.

ಅತ್ತೆಯನ್ನೂ ಕೈಹಿಡಿದು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಧನ್ಯಶ್ರೀ ಅನ್ನುವ ಹುಡುಗಿ ಮೈಕ್ ಹಿಡಿದು ಚೆನ್ನಾಗಿಯೇ ಮಾತಾಡಿದಳು. ಹಿರಿಯರು ಮನೆಯ ಬೆಳಕು ಅಂದಳು. ಎಲ್ಲರಿಂದ ಪ್ರಮಾಣ ಮಾಡಿಸಿದಳು. ಹೆತ್ತವಳಿಗೆ ಎರಡು ಹೊತ್ತು ಸರಿಯಾಗಿ ಕೂಳು ಹಾಕದ ಗಂಡಸರೆಲ್ಲ ಕೈ ಮುಂದೆ ಚಾಚಿ ಗಟ್ಟಿಯಾಗಿ ಪ್ರಮಾಣ ಮಾಡಿದರು. ಆಮೇಲೆ, "ಯಾರಿಗಾದ್ರೂ ಪ್ರಶ್ನೆ ಇದ್ಯಾ? ಸಂಕೋಚ ಬೇಡ, ಇದು ನಿಮ್ಮದೇ ಸಭೆ" ಅಂದಳು.

ನಾನು ಎದ್ದು ನಿಂತೆ. "ತಾಯಿ, ಇವ್ರು ನಮ್ಮತ್ತೆ. ನಾನು ಇವ್ರಿಗೆ ಹೊಡೀತೀನಿ."

ಧನ್ಯಶ್ರೀಯ ಕೈಯಲ್ಲಿ ಮೈಕ್ ಹಾಗೇ ನಿಂತಿತು.

"ಇನ್ನೂ ಹೊಡೆದಿಲ್ಲ" ಅಂದೆ. "ಆದ್ರೆ ಹೊಡೆಯೋ ಹಾಗಾಗೈತೆ. ಮೊನ್ನೆ ಕೈ ಎತ್ತಿದ್ದೆ. ನೀವು ಆಗೋ ಮೊದ್ಲೇ ತಡೀತೀವಿ ಅಂತ ಬರ್ಸಿದ್ದೀರಲ್ಲ, ಅದಕ್ಕೇ ಕೇಳ್ತಾ ಇದ್ದೀನಿ. ಮಧ್ಯಾಹ್ನ ಎರಡು ಗಂಟೆ ಹೊತ್ತು ಯಾರನ್ನಾದ್ರೂ ಕಳಿಸ್ತೀರಾ?"

ಆ ಹುಡುಗಿಗೆ ಪಾಪ, ಇಂಥ ಪ್ರಶ್ನೆಗೆ ಉತ್ತರ ಕಲಿಸಿ ಕಳಿಸಿರಲಿಲ್ಲ. "ಅಮ್ಮಾ, ಹಾಗೆಲ್ಲ ಯೋಚನೆ ಮಾಡಬಾರದು. ಅವರು ನಿಮ್ಮ ತಾಯಿ ಇದ್ದ ಹಾಗಲ್ವಾ?" ಅಂದಳು. ನಮ್ಮ ತಾಯಿ ಆಗಿದ್ದರೂ ಕೈ ಎತ್ತುತ್ತಿದ್ದೆ, ನಿದ್ದೆ ಇಲ್ಲದ ಮನುಷ್ಯರಿಗೆ ತಾಯಿಯೇನು ಅತ್ತೆಯೇನು ಅಂದೆ. ಹಿಂದಿನಿಂದ ಯಾರೋ ಥೂ ಅಂದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಧನ್ಯಶ್ರೀ ಒಂದು ಚೀಟಿ ಕೊಟ್ಟಳು. "ಇದು ಸಹಾಯವಾಣಿ ನಂಬರು. ಯಾರಾದ್ರೂ ಹಿರಿಯರಿಗೆ ಹೊಡೆದ್ರೆ ಇದಕ್ಕೆ ಫೋನ್ ಮಾಡಿ."

"ಹೊಡೆದ ಮೇಲೆ ಯಾಕವ್ವ ಫೋನು?" ಅಂದೆ. ಅವಳು ಮುಂದಿನ ಪ್ರಶ್ನೆ ಅಂತ ಆ ಕಡೆ ತಿರುಗಿದಳು.

ಈ ಎಲ್ಲ ಮಾತಿಗೂ ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡು, ಕೊಟ್ಟ ಬಿಸ್ಕತ್ತನ್ನು ಸದ್ದಿಲ್ಲದೆ ತಿನ್ನುತ್ತಿದ್ದಳು.

ಯಾವನೋ ಪುಣ್ಯಾತ್ಮ ಮೊಬೈಲಿನಲ್ಲಿ ಹಿಡಿದಿದ್ದ. "ನಾನು ಇವ್ರಿಗೆ ಹೊಡೀತೀನಿ" ಅನ್ನುವಷ್ಟನ್ನೇ ಕತ್ತರಿಸಿ ಬಿಟ್ಟಿದ್ದ. ಮುಂದಿನದು ಉದ್ದವಾಯಿತೇನೋ. ಸಂಜೆಯ ಹೊತ್ತಿಗೆ ಅದು ತಿಪಟೂರು ಮುಟ್ಟಿತು. ಮಾರನೆಯ ಬೆಳಗ್ಗೆ ಸೂರ್ಯಪ್ರಕಾಶನ ಕಾರು ನಮ್ಮ ಬಾಗಿಲಲ್ಲಿತ್ತು.

ಅವನು ಅಲ್ಲಿ ಸಹಕಾರ ಸಂಘವೊಂದರ ಚುನಾವಣೆಗೆ ನಿಂತಿದ್ದ. ಬಂದವನು ಅಣ್ಣನನ್ನು ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ, ನೆಟ್ಟಗೆ ನನ್ನ ಮೇಲೆ ಬಂದ. "ಏನತ್ಗೆ, ನಮ್ಮ ಮಾನ ಹರಾಜು ಹಾಕಕ್ಕೆ ಹೊರಟಿದ್ದೀರಾ? ಅವ್ವನಿಗೆ ಹೊಡೀತೀನಿ ಅಂತ ಮೈಕಲ್ಲಿ ಹೇಳ್ತೀರಾ?" ಅಕ್ಕಪಕ್ಕದವರು ಸೇರಿದರು. ಹುಚ್ಚಕ್ಕ ಎಲೆಯಡಿಕೆ ಸಮೇತ ಬಂದು ನಿಂತಳು. ಈ ಪಂಚಾಯ್ತಿಗೆ ಎಲ್ಲರಿಗೂ ಪುರುಸೊತ್ತಿತ್ತು. ನಮ್ಮನೆಯವರು ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು. ಒಂದು ಮಾತು, "ಅವಳು ಹೊಡೆದಿಲ್ಲ ಕಣ್ಲಾ" ಅನ್ನುವ ಒಂದೇ ಒಂದು ಮಾತು ಆಡಿದ್ದರೆ ಏನು ಗಂಟು ಹೋಗುತ್ತಿತ್ತು?

"ಇಂಥೋಳ ಕೈಗೆ ಅವ್ವನ್ನ ಬಿಡಲ್ಲ" ಅಂದ ಸೂರ್ಯಪ್ರಕಾಶ. "ನಾನು ಕರ್ಕೊಂಡು ಹೋಗ್ತೀನಿ. ಅವ್ವನ ಮರ ಇನ್ನು ನಂದು."

ಸೇರಿದವರೆಲ್ಲ ಭೇಷ್ ಅಂದರು. ಅತ್ತೆಯನ್ನು ಕಾರಿಗೆ ಹತ್ತಿಸುವಾಗ ಅವಳು ಬಾಗಿಲು ಹಿಡಿದುಕೊಂಡು ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿದರು. ನಾನು ಮಾತ್ರೆಯ ಚೀಟಿ, ನಾಲ್ಕು ಸೀರೆ ಗಂಟು ಕಟ್ಟಿಕೊಟ್ಟೆ. ಜೊತೆಯಲ್ಲಿ ಬಂದಿದ್ದ ಸೂರಿಯ ಹೆಂಡತಿ ಪವಿತ್ರಾ ಅದನ್ನು ತೆಗೆದುಕೊಳ್ಳುವಾಗ, "ರಾತ್ರಿ ಏಳ್ತಾರೆ, ನೀನೊಬ್ಬಳೇ ಆಗಲ್ಲ, ಯಾರನ್ನಾದ್ರೂ ಜೊತೆಗೆ ಇಟ್ಕೊ" ಅಂದೆ. ಅವಳು ಬಾಯಿ ತೆರೆಯಲು ನೋಡಿದಳು, ಗಂಡ ಹಾರನ್ ಹೊಡೆದ.

ಆಮೇಲೆ ನಾನು ಎರಡು ದಿನ ನಿದ್ದೆ ಮಾಡಿದೆ. ಎದ್ದು ಉಂಡು ಮತ್ತೆ ಮಲಗಿದೆ. ಸುಖವಾಗಿತ್ತು, ಅದನ್ನೂ ಬಚ್ಚಿಡುವುದಿಲ್ಲ. ಮೂರನೆಯ ದಿನ ಎಚ್ಚರವಾದಾಗ ತಿಪಟೂರಿನ ಮನೆ ನೆನಪಿಗೆ ಬಂತು. ಪವಿತ್ರಾಳಿಗೆ ಎರಡು ಮಕ್ಕಳು, ಅಂಗಡಿಯ ಆಳುಗಳ ಅಡುಗೆ, ಚುನಾವಣೆಗೆ ಬಂದುಹೋಗುವವರ ಕಾಫಿ. ಅದರ ನಡುವೆ ಅತ್ತೆ. ಫೋನ್ ಮಾಡಿದರೆ, "ಚೆನ್ನಾಗವ್ರೆ ಅಕ್ಕ" ಅಂತ ಇಟ್ಟುಬಿಡುತ್ತಿದ್ದಳು. ಒಂದು ಸಲ ಹಿಂದೆ ಅತ್ತೆಯ ದನಿ ಕೇಳಿಸಿತು, ತಕ್ಷಣ ನಿಂತಿತು. ಆ ನಿಂತ ರೀತಿ ನನಗೆ ಸರಿಬರಲಿಲ್ಲ.

ಒಂಬತ್ತನೆಯ ದಿನ ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಪವಿತ್ರಾ ಬಾಗಿಲು ತೆರೆದವಳು ಅಡ್ಡ ನಿಂತಳು. ಕಣ್ಣ ಕೆಳಗೆ ಕಪ್ಪು, ಕೂದಲು ಬಾಚಿರಲಿಲ್ಲ. ಒಂಬತ್ತು ದಿನಕ್ಕೆ ಒಂಬತ್ತು ವರ್ಷ ಹೆಚ್ಚಾದ ಹಾಗಿದ್ದಳು. "ಮಲಗವ್ರೆ ಅಕ್ಕ, ಆಮೇಲೆ ನೋಡು" ಅಂದಳು. ನಾನು ಅವಳನ್ನು ಸರಿಸಿ ಒಳಗೆ ಹೋದೆ.

ಹಿಂದಿನ ಕೋಣೆಯಲ್ಲಿ ಕೊಬ್ಬರಿ ಚೀಲ ಒಟ್ಟಿದ್ದರು. ಚೀಲಗಳ ಪಕ್ಕ ಮಂಚ. ಅತ್ತೆಯ ಎಡಗೈಯನ್ನು ಹಳೆಯ ಸೀರೆಯ ಅಂಚಿನಿಂದ ಮಂಚದ ಕಾಲಿಗೆ ಕಟ್ಟಿದ್ದರು. ರವಿಕೆಯ ತೋಳಿನ ಕೆಳಗೆ ಬೆರಳಚ್ಚು ಮೂಡಿದ ಹಾಗೆ ನೀಲಿ. ಕೆನ್ನೆಯ ಮೇಲೆ ಹಳದಿಗೆ ತಿರುಗಿದ ಬಾವು. ನೋಡಿದ ತಕ್ಷಣ ನನ್ನ ಮೈಯೆಲ್ಲ ಉರಿದುಹೋಯಿತು. ತಿರುಗಿ ಪವಿತ್ರಾಳ ಕೈ ಹಿಡಿದೆ. "ಯಾರೇ ಇದು? ನೀನಾ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಸುಳ್ಳೂ ಹೇಳಲಿಲ್ಲ. "ಮೂರು ಸಲ ಅಕ್ಕ" ಅಂದಳು. "ಮೊದಲನೇ ಸಲ ಹೊಡೆದಾಗ ಬಚ್ಚಲಿಗೆ ಹೋಗಿ ವಾಂತಿ ಮಾಡ್ಕೊಂಡೆ. ಎರಡನೇ ಸಲ ಅತ್ತುಬಿಟ್ಟೆ. ಮೂರನೇ ಸಲ ಏನೂ ಅನ್ನಿಸಲಿಲ್ಲ."

"ಯಾರಿಗಾದ್ರೂ ಹೇಳ್ಬೇಕಿತ್ತು ಕಣೇ!"

"ಹೇಳಿದೋಳಿಗೆ ಏನಾಯ್ತು ಅಂತ ನಾನೇ ಕಣ್ಣಾರೆ ನೋಡಿಲ್ವಾ?" ಅಂದಳು ಪವಿತ್ರಾ. "ನೀನು ಹೊಡೆಯದೇನೇ ಬಾಯಿ ಬಿಟ್ಟೆ, ಊರೆಲ್ಲ ಉಗೀತು. ನಾನು ಹೊಡೆದು ಬಾಯಿ ಮುಚ್ಕೊಂಡಿದ್ದೀನಿ. ಬೀದಿಯೋರೆಲ್ಲ ನನ್ನನ್ನ ದೇವರಂಥ ಸೊಸೆ ಅಂತಾರೆ ಕಣಕ್ಕ."

ಅವಳ ಕೆನ್ನೆಗೆ ಬಾರಿಸಬೇಕು ಅಂತ ಬಂದ ಸಿಟ್ಟು ಎಲ್ಲಿ ಹೋಯಿತೋ. ಸಹಾಯವಾಣಿಯ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಈಗ ಫೋನ್ ಮಾಡಬಹುದಿತ್ತು, ಈಗ ಹೊಡೆದವಳಿದ್ದಳು. ಮಾಡಿದರೆ ಪವಿತ್ರಾಳನ್ನು ಹಿಡಿಯುತ್ತಾರೆ. ಚೀಲದ ಪಕ್ಕ ಮಂಚ ಹಾಕಿಸಿ ಫೋಟೋ ತೆಗೆಸಿಕೊಳ್ಳುವವನನ್ನು ಯಾರೂ ಕೇಳುವುದಿಲ್ಲ. ನಾನು ಇನ್ನೊಂದು ತಿಂಗಳು ನಿದ್ದೆಗೆಟ್ಟಿದ್ದರೆ ಇದೇ ಪವಿತ್ರಾ ಆಗಿರುತ್ತಿದ್ದೆ. ಫೋನ್ ಮಾಡಲಿಲ್ಲ. ಇದು ಸರಿಯೋ ತಪ್ಪೋ ತಿಳಿದವರು ಹೇಳಲಿ.

ಕಟ್ಟು ಬಿಚ್ಚಿದೆ. ಅತ್ತೆ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. ಗುರುತು ಹತ್ತಲಿಲ್ಲ. "ನೀನ್ಯಾರವ್ವ?" ಅಂದಳು. ಆಮೇಲೆ ಗುಟ್ಟಿನಂತೆ, "ನಮ್ಮ ಗಂಗಿ ಹತ್ರ ಬಿಟ್ಟು ಬಾರವ್ವ. ಅವಳು ಬೈತಾಳೆ. ಬೈದು ಅನ್ನ ಕೊಡ್ತಾಳೆ" ಅಂದಳು. ನಾನು ಅಳುವವಳಲ್ಲ. ಆವತ್ತು ಆ ಕೊಬ್ಬರಿ ಚೀಲಕ್ಕೆ ಒರಗಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಊಟಕ್ಕೆ ಬಂದ ಸೂರ್ಯಪ್ರಕಾಶ ನನ್ನನ್ನು ಕಂಡು ಗಾಬರಿಯಾದ. ಬಾಗಿಲು ಹಾಕಿದ. ಅವನಿಗೆ ಎಲ್ಲ ಗೊತ್ತಿತ್ತು. ಅವ್ವನ ಸಂಕಟಕ್ಕಲ್ಲ ಆ ಗಾಬರಿ. ಚುನಾವಣೆಗೆ ಆರು ದಿನ ಇತ್ತು.

"ನಾನು ಕರ್ಕೊಂಡು ಹೋಗ್ತೀನಿ" ಅಂದೆ.

"ಕರ್ಕೊಂಡು ಹೋಗಿ" ಅಂದ, ಅಷ್ಟು ಸಲೀಸಾಗಿ. ಆಮೇಲೆ ಕೆನ್ನೆಯ ಬಾವನ್ನು ನೋಡಿ, "ಊರಲ್ಲಿ ಇದು ಯಾರು ಮಾಡಿದ್ದು ಅಂತ ಕೇಳ್ತಾರಲ್ಲ" ಅಂದ.

"ಕೇಳಲಿ."

"ಹಂಗಲ್ಲ ಅತ್ಗೆ. ನಿಮ್ಮ ಹೆಸರು ಹೆಂಗಿದ್ರೂ ಕೆಟ್ಟೈತೆ." ದನಿ ಇಳಿಸಿದ. "ತಿಪಟೂರಿಗೆ ಬರೋ ಮುಂಚೇನೇ ಏಟು ಬಿದ್ದಿತ್ತು, ಬಾವು ಆಮೇಲೆ ಎದ್ದಿತು, ನಾನೇ ಹೊಡೆದಿದ್ದೆ ಅಂತ ಮೊಬೈಲ್ ಮುಂದೆ ಒಂದು ಮಾತು ಹೇಳಿ. ತಪ್ಪಾಯ್ತು, ಇನ್ನು ಚೆನ್ನಾಗಿ ನೋಡ್ಕೋತೀನಿ ಅನ್ನಿ. ಯಾರಿಗೂ ತೋರಿಸಲ್ಲ, ನನ್ನ ಹತ್ರಾನೇ ಇರುತ್ತೆ. ಇಲ್ಲಾಂದ್ರೆ ಅವ್ವ ಇಲ್ಲೇ ಇರ್ತಾಳೆ."

"ಅವ್ವನ ಮರ?" ಅಂದೆ. ಕೇಳಬೇಕು ಅಂತಲ್ಲ, ಅವನ ಬಾಯಲ್ಲೇ ಬರಲಿ ಅಂತ.

ಅವನು ಮುಖ ಆ ಕಡೆ ತಿರುಗಿಸಿ, "ಈ ವರ್ಷದ ಕಾಯಿಗೆ ಆಗಲೇ ಮಾತಾಗೈತೆ" ಅಂದ.

ಪವಿತ್ರಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬೇಡ ಅಕ್ಕ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು, ಬಾಯಲ್ಲಿ ಅನ್ನಲಿಲ್ಲ. ಅವಳ ಮೇಲೆ ನನಗೆ ಆಗ ಸಿಟ್ಟಿರಲಿಲ್ಲ. ಅತ್ತೆ ನನ್ನ ಸೊಂಟ ತಬ್ಬಿ ಹಿಡಿದಿದ್ದಳು. ಸೂರ್ಯಪ್ರಕಾಶ ಮೊಬೈಲ್ ಎತ್ತಿ ಹಿಡಿದ. ಕಿಟಕಿಯ ಬೆಳಕು ಮುಖಕ್ಕೆ ಬೀಳಲಿ ಅಂತ ನನ್ನನ್ನು ಒಂದು ಹೆಜ್ಜೆ ಈಚೆಗೆ ನಿಲ್ಲಿಸಿದ. ನಾನು ಹೇಳಿದೆ. "ನಾನು ಗಂಗಲಕ್ಷ್ಮಿ. ನಮ್ಮತ್ತೆ ರಂಗಕ್ಕನಿಗೆ ನಾನೇ ಹೊಡೆದೆ."

ಸಂಜೆಯ ಬಸ್ಸಿನಲ್ಲಿ ಅತ್ತೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನಾವು ಊರು ಮುಟ್ಟುವುದಕ್ಕೆ ಮುಂಚೆಯೇ ಆ ವಿಡಿಯೋ ಊರು ಮುಟ್ಟಿತ್ತು.

ಅಂದು ಬಸ್ ನಿಲ್ದಾಣದಿಂದ ಮನೆಯವರೆಗೆ ಕೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಮ್ಮನೆಯವರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ, ಯಾಕೆ ಹೀಗೆ ಮಾಡಿದೆ ಅಂದರು. ನಡೆದಿದ್ದನ್ನು ಹೇಳಿದೆ. ಅವರು "ತಮ್ಮನ ಎಲೆಕ್ಷನ್ ಮುಗೀಲಿ" ಅಂದರು. ಎಲೆಕ್ಷನ್ ಮುಗಿಯಿತು, ಅವನು ಗೆದ್ದ, ನಮ್ಮನೆಯವರು ಇನ್ನೂ ಯಾರಿಗೂ ಏನೂ ಹೇಳಿಲ್ಲ. ಮೊನ್ನೆ ಅವ್ವನ ಮರದ ಕಾಯಿ ತಿಪಟೂರಿಗೆ ಹೋಯಿತು. ಕಾಯಿ ನೀನೇ ತಗೋತೀಯಲ್ಲ ಅನ್ನುವ ಮಾತು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಇಷ್ಟಾದ ಮೇಲೆ ಊರಿನ ಹೆಂಗಸರ ಸಂಘದವರು ಸೇರಿ ಒಂದು ತೀರ್ಮಾನ ಮಾಡಿದರು. ಆ ಮುದುಕಿಯನ್ನು ಈ ರಾಕ್ಷಸಿಯ ಕೈಯಿಂದ ಕಾಪಾಡಬೇಕು. ಗಂಡ ಮನೆಯಲ್ಲಿಲ್ಲದ ಹೊತ್ತು ಬಹಳ ಅಪಾಯ. ದಿನಾ ಮಧ್ಯಾಹ್ನ ಒಬ್ಬೊಬ್ಬರು ಸರದಿಯ ಮೇಲೆ ಹೋಗಿ ಎರಡು ಗಂಟೆ ಕಾವಲು ಕೂರಬೇಕು. ಧನ್ಯಶ್ರೀಗೂ ಫೋನ್ ಮಾಡಿ ತಿಳಿಸಿದರಂತೆ. ಬಹಳ ಒಳ್ಳೆ ಕೆಲಸ ಮಾಡಿದ್ದೀರಿ ಅಂದಳಂತೆ.

ಮೊದಲನೆಯ ದಿನ ಬಂದವಳು ಹುಚ್ಚಕ್ಕ. ಎಲೆಯಡಿಕೆ ಚೀಲ ಸಮೇತ ಬಂದು, ಅತ್ತೆಯ ಮಂಚಕ್ಕೂ ನನಗೂ ನಡುವೆ ಕಾಲು ಚಾಚಿ ಕೂತಳು. ಅತ್ತೆ ಅವಳನ್ನು ನೋಡಿ, "ಅಟ್ಟದ ಕಾಯಿ ಕದ್ದವ್ರೆ ಕಣೇ" ಅಂದಳು. ಹುಚ್ಚಕ್ಕ ಅವಳ ಕೆನ್ನೆ ಸವರಿ ಲೊಚಗುಟ್ಟಿದಳು. "ಇಂಥ ಜೀವಕ್ಕೆ ಹೊಡೆಯಕ್ಕೆ ನಿನಗೆ ಕೈ ಹೆಂಗಾದ್ರೂ ಬಂತೇ ಗಂಗಿ? ನಾಚಿಕೆ ಆಗಲ್ವೇನೇ?"

"ಆಗುತ್ತೆ ಕಣಕ್ಕ" ಅಂದೆ. "ನಾಳೇನೂ ತಪ್ಪದೆ ಬಾ."

ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಇನ್ನೂ ಬೈಯುತ್ತಲೇ ಇದ್ದಳು, ನನಗೆ ನಿದ್ದೆ ಹತ್ತಿತು.